ಕೃಷಿವಿಜ್ಞಾನಿ ಕೋಲ್ಮನ್

ಮಂಡ್ಯ, ಮದ್ದೂರು, ಮಳವಳ್ಳಿ ಎಂಬ ಹೆಸರುಗಳನ್ನು ಕೇಳಿದೊಡನೆ ಕಬ್ಬಿನ ಗದ್ದೆಗಳೂ ಭತ್ತದ ಬಯಲುಗಳೂ ನಮ್ಮ ಕಣ್ಣ ಮುಂದೆ ನಿಲ್ಲುತ್ತವೆ. ಆದರೆ ಈ ಹಸುರು ಬಹಳ ಹಳೆಯದೇನಲ್ಲ. 1930ಕ್ಕೆ ಮೊದಲು ಇಲ್ಲಿನ ಬಹುಭಾಗ ಬೆದ್ದಲು ನೆಲವಾಗಿತ್ತು. ಮಳೆ ಬಿದ್ದರೆ ರಾಗಿ, ಜೋಳ, ಹುರುಳಿ, ಹುಚ್ಚೆಳ್ಳು. ಕೆರೆ ತುಂಬಿದರೆ ಅದರ ಹಿಂದೆ ಒಂದಿಷ್ಟು ಭತ್ತ. ಮಳೆ ತಪ್ಪಿದ ವರ್ಷ ದನಕರುಗಳಿಗೆ ಮೇವಿಲ್ಲ, ಮನೆಯಲ್ಲಿ ಕಾಳಿಲ್ಲ. ಈ ನಾಡಿಗೆ ಕಾವೇರಿಯ ನೀರನ್ನು ತಂದ ಕಾಲುವೆಯ ಕಥೆಯನ್ನು ಎಲ್ಲರೂ ಬಲ್ಲರು. ನೀರು ಬಂದ ಮೇಲೆ ಆ ಬಡಕಲು ಮಣ್ಣು ಬೆಳೆಯನ್ನು ಹೊತ್ತು ನಿಂತ ಬಗೆ ಅಷ್ಟಾಗಿ ಪ್ರಚಾರವಾಗಿಲ್ಲ. ಆ ಕಥೆಯೊಡನೆ ಸಾವಿರಾರು ಮೈಲಿ ದೂರದ ಕೆನಡಾ ದೇಶದಿಂದ ಬಂದು, ಕಾಲು ಶತಮಾನದಷ್ಟು ಕಾಲ ಮೈಸೂರಿನೊಡನೆ ಬಾಳನ್ನು ಬೆಸೆದುಕೊಂಡ ಡಾಕ್ಟರ್ ಲೆಸ್ಲಿ ಚಾರ್ಲ್ಸ್ ಕೋಲ್ಮನ್ ಅವರ ಹೆಸರು ಸೇರಿಕೊಂಡಿದೆ.

ಕೋಲ್ಮನ್ ಹುಟ್ಟಿದ್ದು 1878ರ ಜೂನ್ 16ರಂದು, ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ. ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ನಿಸರ್ಗವಿಜ್ಞಾನವನ್ನು ಅಭ್ಯಾಸ ಮಾಡಿ 1904ರಲ್ಲಿ ಪದವಿ ಪಡೆದ ಅವರು ಹೆಚ್ಚಿನ ವ್ಯಾಸಂಗಕ್ಕಾಗಿ ಜರ್ಮನಿಯ ಗಾಟಿಂಗೆನ್ನಿಗೆ ಹೋದರು. ಅಲ್ಲಿ ಅವರು ಆರಿಸಿಕೊಂಡ ವಿಷಯ ಸಾಮಾನ್ಯರ ಕಣ್ಣಿಗೆ ಬೀಳುವಂಥದಲ್ಲ. ಮಣ್ಣಿನಲ್ಲಿ ಸಾರಜನಕವು ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಹೇಗೆ ಮಾರ್ಪಡುತ್ತದೆ ಎಂಬುದೇ ಅವರ ಸಂಶೋಧನೆಯಾಗಿತ್ತು.

ಇದನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು. ಎಲೆ ಹಸುರಾಗಿ ಹರಡಬೇಕಾದರೆ ಗಿಡಕ್ಕೆ ಸಾರಜನಕ ಬೇಕು. ಗಾಳಿಯ ಐದು ಪಾಲಿನಲ್ಲಿ ಸುಮಾರು ನಾಲ್ಕು ಪಾಲು ಸಾರಜನಕವೇ ಆದರೂ ಗಿಡ ಅದನ್ನು ನೇರವಾಗಿ ಉಣ್ಣಲಾರದು. ಹೊಲಕ್ಕೆ ಹಾಕಿದ ಸಗಣಿ, ಗಂಜಲ, ಸೊಪ್ಪು ಇವುಗಳಲ್ಲಿರುವ ಸಾರಜನಕವೂ ಹಾಕಿದ ಮರುದಿನವೇ ಬೇರಿಗೆ ದಕ್ಕುವುದಿಲ್ಲ. ಅವು ಕೊಳೆತು ಮೊದಲು ಅಮೋನಿಯ ಉಂಟಾಗುತ್ತದೆ. ಒಂದು ಬಗೆಯ ಸೂಕ್ಷ್ಮಾಣುಜೀವಿಗಳು ಆ ಅಮೋನಿಯವನ್ನು ನೈಟ್ರೈಟಾಗಿ ಮಾರ್ಪಡಿಸುತ್ತವೆ. ಇನ್ನೊಂದು ಬಗೆಯವು ಅದನ್ನು ನೈಟ್ರೇಟಾಗಿ ಮಾಡುತ್ತವೆ. ನೀರಿನಲ್ಲಿ ಸುಲಭವಾಗಿ ಕರಗುವ ಈ ನೈಟ್ರೇಟನ್ನು ಬೇರುಗಳು ಹೀರಿಕೊಳ್ಳುತ್ತವೆ. ಈ ಕೆಲಸ ನಡೆಯಲು ಮಣ್ಣಿನಲ್ಲಿ ಹದವಾದ ತೇವ, ಬೆಚ್ಚಗಿನ ವಾತಾವರಣ, ಗಾಳಿಯಾಡಲು ಎಡೆ ಎಲ್ಲವೂ ಇರಬೇಕು, ಮಣ್ಣು ಹುಳಿಯಾಗಿರಬಾರದು. ನೀರು ನಿಂತು ಗಾಳಿ ಕಟ್ಟಿದರೆ ಆ ಜೀವಿಗಳ ಉದ್ಯೋಗ ನಿಲ್ಲುತ್ತದೆ. ಉಳುಮೆಯೆಂದರೆ ಕಳೆ ಕೀಳುವುದಷ್ಟೇ ಅಲ್ಲ, ಮಣ್ಣಿಗೆ ಉಸಿರು ಕೊಡುವುದು ಕೂಡ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಸಾರಜನಕವೊಂದೇ ಗಿಡದ ಆಹಾರವಲ್ಲ. ಬೇರು ಬಲಿಯಲು, ಕಾಳು ಕಟ್ಟಲು ರಂಜಕ ಬೇಕು. ಕಾಂಡ ಗಟ್ಟಿಯಾಗಲು, ಸಕ್ಕರೆ ತುಂಬಲು ಪೊಟ್ಯಾಷ್ ಬೇಕು. ಸುಣ್ಣ, ಗಂಧಕ, ಕಬ್ಬಿಣ, ಸತು ಮೊದಲಾದುವೂ ತಕ್ಕಷ್ಟು ಇರಬೇಕು. ಇವುಗಳಲ್ಲಿ ಯಾವುದು ಅತ್ಯಂತ ಕಡಮೆಯಿದೆಯೋ ಅದೇ ಬೆಳೆಯ ಮಿತಿಯನ್ನು ನಿರ್ಧರಿಸುತ್ತದೆ ಎಂಬ ನಿಯಮವನ್ನು ಜರ್ಮನ್ ವಿಜ್ಞಾನಿ ಲೀಬಿಗ್ ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಸಿದ್ಧಿಗೆ ತಂದಿದ್ದರು. ಹಿಟ್ಟು ಸಾಲದಿದ್ದಾಗ ಒಲೆಗೆ ಎಷ್ಟು ಸೌದೆ ತುಂಬಿದರೂ ರಾಗಿಮುದ್ದೆ ದೊಡ್ಡದಾಗುವುದಿಲ್ಲವಷ್ಟೆ!

1908ರಲ್ಲಿ ಕೋಲ್ಮನ್ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಅವರನ್ನು ಕರೆಸಿಕೊಂಡದ್ದು ಬೆಳೆಗಳಿಗೆ ತಗಲುವ ಬೂಷ್ಟು ರೋಗಗಳನ್ನೂ ಕೀಟಗಳನ್ನೂ ಅಭ್ಯಸಿಸುವುದಕ್ಕಾಗಿ. ಅವರಿಗಿಂತ ಮೊದಲು, 1899ರಲ್ಲಿಯೇ, ಡಾಕ್ಟರ್ ಲೇಮನ್ ಎಂಬ ರಸಾಯನವಿಜ್ಞಾನಿಯನ್ನು ಸಂಸ್ಥಾನವು ನೇಮಿಸಿಕೊಂಡು, ಬೆಂಗಳೂರಿನ ಹೆಬ್ಬಾಳದಲ್ಲಿ ವ್ಯವಸಾಯ ಪ್ರಯೋಗಗಳಿಗೆ ನೆಲವನ್ನು ಒದಗಿಸಿತ್ತು. ಹಾಗಾಗಿ ಕೋಲ್ಮನ್ನರು ಬಂದಾಗ ತಳಹದಿ ಸಿದ್ಧವಾಗಿತ್ತು; ಕಟ್ಟಡ ಏಳಬೇಕಾಗಿತ್ತು.

ಅವರ ಮೊದಲ ದೊಡ್ಡ ಪರೀಕ್ಷೆ ನಡೆದದ್ದು ಮಲೆನಾಡಿನಲ್ಲಿ. ಅಡಕೆಯ ತೋಟಗಳನ್ನು ಕೊಳೆರೋಗ ಹಾಳುಮಾಡುತ್ತಿತ್ತು. ಮಳೆಗಾಲದಲ್ಲಿ ಎಳೆಯ ಕಾಯಿಗಳು ಕೊಳೆತು ಉದುರುತ್ತಿದ್ದುವು. ಬೇಸಾಯಗಾರರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡಲು ಯತ್ನಿಸುತ್ತಿದ್ದರು. ಅದು ಬಹಳ ಶ್ರಮದ ಕೆಲಸ. ಕೋಲ್ಮನ್ನರು ಈ ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಅಭ್ಯಾಸ ಮಾಡಿ 1910ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣಗಳಿಂದ ಮಾಡಿದ ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆ ಗೊನೆಗಳ ಮೇಲೆ ಸಿಂಪಡಿಸುವುದೇ ತಕ್ಕ ಉಪಾಯವೆಂದು ತೋರಿಸಿಕೊಟ್ಟರು. ಮಲೆನಾಡಿನ ಜಡಿಮಳೆಗೆ ಆ ದ್ರಾವಣ ತೊಳೆದುಹೋಗದಂತೆ ಅಂಟುಪದಾರ್ಥವನ್ನು ಸೇರಿಸಿ ಬಳಸುವ ಕ್ರಮವನ್ನೂ ರೂಪಿಸಿದರು. ಇಂದಿಗೂ ಮುಂಗಾರಿನ ವೇಳೆಗೆ ಅಡಕೆಯ ತೋಟಗಳಲ್ಲಿ ಈ ಔಷಧ ಹೊಡೆಯುವ ವಾಡಿಕೆ ನಿಂತಿಲ್ಲ. ಜೋಳದ ಬೆಳೆಯನ್ನು ತಿನ್ನುವ ಒಂದು ಮಿಡತೆಗೆ ಪ್ರಾಣಿಶಾಸ್ತ್ರಜ್ಞರು ಕೋಲ್ಮೇನಿಯ ಎಂದು ನಾಮಕರಣ ಮಾಡಿದ್ದಾರೆ. ಬೆಳೆಯ ರಕ್ಷಕನ ಹೆಸರು ಬೆಳೆಯ ಶತ್ರುವಿಗೆ ಅಂಟಿಕೊಂಡದ್ದು ವಿನೋದದ ಸಂಗತಿ.

ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಕೋಲ್ಮನ್ನರು ವ್ಯವಸಾಯ ಇಲಾಖೆಯ ನಿರ್ದೇಶಕರಾದರು. ಆಗ ಅವರ ದೃಷ್ಟಿ ರೋಗಗಳಿಂದಾಚೆಗೆ ಇಡೀ ಬೇಸಾಯದ ಕಡೆಗೆ ಹರಡಿತು. ಹಿರಿಯೂರಿನ ಬಳಿ ಬಬ್ಬೂರು, ಕಾಫಿಯ ಸೀಮೆಯಲ್ಲಿ ಬಾಳೆಹೊನ್ನೂರು, ಹೀಗೆ ಬೇರೆ ಬೇರೆ ಮಣ್ಣು ಮಳೆಗಳ ಪ್ರದೇಶಗಳಲ್ಲಿ ಪ್ರಯೋಗಕ್ಷೇತ್ರಗಳು ಕೆಲಸ ಮಾಡಿದುವು. ಒಂದು ಊರಿನ ಮಣ್ಣಿಗೆ ಒಗ್ಗಿದ ಗೊಬ್ಬರ ಇನ್ನೊಂದು ಊರಿನಲ್ಲಿ ಹಾಗೆಯೇ ಫಲಿಸುವುದೆಂದು ನಂಬುವಂತಿಲ್ಲವಾದುದರಿಂದ ಈ ಹಂಚಿಕೆ ಅಗತ್ಯವಾಗಿತ್ತು. ಬಡವರ ಧಾನ್ಯವಾದ ರಾಗಿಯನ್ನು ಇಲಾಖೆ ಕಡೆಗಣಿಸಲಿಲ್ಲ. ಹೆಬ್ಬಾಳದಲ್ಲಿ ಆರಿಸಿ ಬೆಳೆಸಿದ ಎಚ್-22 ಎಂಬ ತಳಿ 1918ರಲ್ಲಿ ಬಳಕೆಗೆ ಬಂದಿತು. 1920ರಲ್ಲಿ ಕೋಲ್ಮನ್ನರು ಮೈಸೂರಿನ ರಾಗಿ ಬೇಸಾಯವನ್ನು ಕುರಿತು ಒಂದು ಪುಸ್ತಿಕೆಯನ್ನೇ ಬರೆದರು.

ನಮ್ಮ ರೈತರಿಗೆ ಗೊಬ್ಬರದ ಮಹತ್ವ ಗೊತ್ತಿರಲಿಲ್ಲವೆಂದು ಇದರಿಂದ ತಿಳಿಯಬಾರದು. ಬೇಸಗೆಯಲ್ಲಿ ಒಣಗಿದ ಕೆರೆಯ ಗೋಡನ್ನು ಗಾಡಿಗಳಲ್ಲಿ ಹೇರಿ ಕೆಮ್ಮಣ್ಣಿನ ಹೊಲಕ್ಕೆ ಹರಡುವುದು ಈ ಸೀಮೆಯ ಹಳೆಯ ರೂಢಿ. ಮರಳು ಹೆಚ್ಚಾದ ನೆಲಕ್ಕೆ ಜಿಗುಟು ಬಂದು ನೀರೂ ಸಾರವೂ ನಿಲ್ಲಲು ಅದರಿಂದ ಸಾಧ್ಯವಾಗುತ್ತದೆ. ಹೊಂಗೆಯ ಸೊಪ್ಪನ್ನು ಗದ್ದೆಗೆ ತುಳಿಯುವುದು, ಹಿಂಡಿಯನ್ನು ಪುಡಿಮಾಡಿ ಹಾಕುವುದು, ಹೊಲದಲ್ಲಿ ಕುರಿಯ ಮಂದೆಯನ್ನು ನಿಲ್ಲಿಸುವುದು, ರಾಗಿಯ ಸಾಲುಗಳ ನಡುವೆ ಅವರೆಯನ್ನು ಬಿತ್ತುವುದು ಇವೆಲ್ಲ ಅಜ್ಜಂದಿರ ಕಾಲದಿಂದ ಬಂದುವು. ಅವರೆಯ ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಾಣುಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ ಎಂಬ ಕಾರಣ ತಿಳಿಯದಿದ್ದರೂ ಫಲ ಅವರಿಗೆ ತಿಳಿದಿತ್ತು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಂತೂ ಮರಗಳ ಮೇಲೆ ಗೂಡು ಕಟ್ಟುವ ಕೊಕ್ಕರೆ, ಹೆಜ್ಜಾರ್ಲೆಗಳ ಹಿಕ್ಕೆಯನ್ನು ಜನರು ಸಂಗ್ರಹಿಸಿ, ಕೆರೆಯ ಗೋಡಿನೊಡನೆ ಬೆರಸಿ ಹೊಲಕ್ಕೆ ಬಳಸುತ್ತ ಬಂದರು. ಹಕ್ಕಿಗಳು ಕೆರೆ ಹೊಳೆಗಳ ಮೀನನ್ನು ತಿಂದು, ಅದರ ಸಾರಜನಕ ರಂಜಕಗಳನ್ನು ಊರಿನ ಮರದಡಿಗೆ ತಂದು ಸುರಿಯುತ್ತವೆ! ಕೊರತೆಯಿದ್ದದ್ದು ತಿಪ್ಪೆಯ ಪಾಲನೆಯಲ್ಲಿ. ಬಿಸಿಲು ಮಳೆಗೆ ತೆರೆದುಬಿಟ್ಟ ತಿಪ್ಪೆಯಿಂದ ಸಾರಜನಕದ ಬಹುಪಾಲು ಗಾಳಿಗೂ ಹರಿಯುವ ನೀರಿಗೂ ಸೇರಿಹೋಗುತ್ತದೆ. ಗಂಜಲ ನೆಲಕ್ಕೆ ಇಂಗುತ್ತದೆ. ಸಗಣಿ ಬೆರಣಿಯಾಗಿ ಒಲೆಯಲ್ಲಿ ಉರಿಯುತ್ತದೆ. ಸೌದೆಯಿಲ್ಲದ ಮನೆಯಲ್ಲಿ ಬೆರಣಿ ತಟ್ಟಬೇಡಿರೆಂದು ಹೇಳುವುದು ಸುಲಭದ ಮಾತಲ್ಲವೆಂಬುದೂ ನಿಜ.

ಕೋಲ್ಮನ್ನರ ಸೇವೆಯ ಕೊನೆಯ ವರ್ಷಗಳು ಮಂಡ್ಯದೊಡನೆ ಬೆಸೆದುಕೊಂಡವು. 1911ರಲ್ಲಿ ಆರಂಭವಾದ ಕನ್ನಂಬಾಡಿಯ ಅಣೆಕಟ್ಟೆಯ ಕೆಲಸ 1930ರ ದಶಕದ ಆದಿಯಲ್ಲಿ ಮುಗಿಯಿತು. ಹುಲಿಕೆರೆಯ ಬಳಿ ಗುಡ್ಡವನ್ನು ಕೊರೆದು ಮಾಡಿದ ಸುರಂಗದ ಮೂಲಕ ಕಾಲುವೆ ಈಚೆಗೆ ಹರಿದು ಬಂದಿತು. ಮೊದಲು ಅದಕ್ಕೆ ವೈಸರಾಯ್ ಇರ್ವಿನ್ನರ ಹೆಸರಿತ್ತು. ಅನಂತರ ಅದು ವಿಶ್ವೇಶ್ವರಯ್ಯ ನಾಲೆಯಾಯಿತು. ಮಂಡ್ಯ, ಮದ್ದೂರು, ಮಳವಳ್ಳಿಗಳ ಬೆದ್ದಲಿಗೆ ನೀರು ಬರುವ ಆ ಹೊತ್ತಿನಲ್ಲಿಯೇ ಪ್ರಪಂಚವೆಲ್ಲ ಆರ್ಥಿಕ ಮುಗ್ಗಟ್ಟಿಗೆ ಸಿಕ್ಕಿ, ದವಸಧಾನ್ಯಗಳ ಬೆಲೆ ಕುಸಿದುಬಿದ್ದಿತ್ತು. ಸಂಸ್ಥಾನ ಕೋಟಿಗಟ್ಟಲೆ ಹಣವನ್ನು ಅಣೆಕಟ್ಟೆಗೂ ಕಾಲುವೆಗೂ ಸುರಿದಿತ್ತು. ಬೆಳೆದ ಬೆಳೆಗೆ ಬೆಲೆ ಬಾರದಿದ್ದರೆ ರೈತ ನೀರಿನ ಕಂದಾಯವನ್ನು ಕೊಡುವುದು ಹೇಗೆ? ಗದ್ದೆಯನ್ನು ಮಟ್ಟಮಾಡಲು, ಬದು ಹಾಕಲು, ಎತ್ತು ಕೊಳ್ಳಲು ಮಾಡಿದ ಸಾಲವನ್ನು ತೀರಿಸುವುದು ಹೇಗೆ?

ಇದಕ್ಕೆ ಕಬ್ಬು ಉತ್ತರವಾಗಿ ಕಂಡಿತು. 1932ರಲ್ಲಿ ಭಾರತದ ಸಕ್ಕರೆ ಉದ್ಯಮಕ್ಕೆ ಕಾನೂನಿನ ರಕ್ಷಣೆ ದೊರೆತುದರಿಂದ ಹೊರದೇಶದ ಸಕ್ಕರೆಯ ಸ್ಪರ್ಧೆ ತಗ್ಗಿತು. ಕೋಲ್ಮನ್ನರು ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಆಗಬೇಕೆಂದು ಮುಂದೆ ನಿಂತು ಶ್ರಮಿಸಿದರು. ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, 1933ರಲ್ಲಿ, ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಮರುವರ್ಷ ಕಬ್ಬು ಅರೆಯುವ ಕೆಲಸ ಮೊದಲಾಯಿತು.

ಆದರೆ ಕಾರ್ಖಾನೆಯ ಯಂತ್ರವನ್ನು ಹಡಗಿನಲ್ಲಿ ತರಿಸಬಹುದು; ಮಣ್ಣಿನ ಸಾರವನ್ನು ಹಾಗೆ ತರಿಸಲಾಗದು. ಈ ಸೀಮೆಯ ಕೆಮ್ಮಣ್ಣು ಬೇಗ ನೀರು ಬಸಿಯುವಂಥದು. ಸಾರಜನಕವೂ ಕೊಳೆತ ಸಸ್ಯಾಂಶವೂ ಅದರಲ್ಲಿ ಕಡಮೆ. ಅದಕ್ಕೆ ಕೆಂಪು ಬಣ್ಣ ಕೊಡುವ ಕಬ್ಬಿಣದ ಆಕ್ಸೈಡು ರಂಜಕವನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡು ಬೇರಿಗೆ ಸುಲಭವಾಗಿ ಬಿಡುವುದಿಲ್ಲ. ನಾಲ್ಕು ತಿಂಗಳ ರಾಗಿ ಅಂಥ ನೆಲದಲ್ಲಿ ಹೇಗೋ ಬದುಕೀತು. ವರ್ಷವಿಡೀ ನೆಲದಲ್ಲಿ ನಿಂತು ಆಳೆತ್ತರಕ್ಕೂ ಮೀರಿ ಬೆಳೆಯುವ ಕಬ್ಬಿಗೆ ಅದು ಸಾಲದು. ನೀರೊಂದನ್ನೇ ನಂಬಿದರೆ ಎರಡು ಮೂರು ಬೆಳೆಗಳಲ್ಲಿ ಭೂಮಿ ಬರಿದಾಗುವ ಭಯವಿತ್ತು. ಸಾರಜನಕದ ಹಾದಿಯನ್ನು ಗಾಟಿಂಗೆನ್ನಿನಲ್ಲಿ ಹುಡುಕಿದ್ದ ಕೋಲ್ಮನ್ನರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕಾಲುವೆಯ ಬೇಸಾಯವನ್ನೇ ಅಭ್ಯಾಸ ಮಾಡಲೆಂದು 1931ರಲ್ಲಿ ಮಂಡ್ಯದ ಬಳಿ ಇರ್ವಿನ್ ಕಾಲುವೆ ಫಾರಂ ಆರಂಭವಾಯಿತು. ಅದೇ ಇಂದಿನ ವಿ.ಸಿ. ಫಾರಂ. ಹಳೆಯ ರಸದಾಳಿ, ಪಟ್ಟಾಪಟ್ಟಿ ಕಬ್ಬುಗಳಿಗೆ ಬದಲು ಹೆಚ್ಚು ಇಳುವರಿಯ ತಳಿಗಳನ್ನೂ ಅವುಗಳಿಗೆ ತಕ್ಕ ಗೊಬ್ಬರವನ್ನೂ ಇಂಥ ಕ್ಷೇತ್ರಗಳಲ್ಲಿ ಪರೀಕ್ಷಿಸುವ ಕ್ರಮ ನೋಡುವುದಕ್ಕೆ ಸರಳ. ಒಂದೇ ಹೊಲವನ್ನು ಸಮನಾದ ತುಂಡುಗಳಾಗಿ ಮಾಡಿ, ಒಂದಕ್ಕೆ ಕೊಟ್ಟಿಗೆ ಗೊಬ್ಬರ, ಒಂದಕ್ಕೆ ಹಿಂಡಿ, ಒಂದಕ್ಕೆ ಅಮೋನಿಯಂ ಸಲ್ಫೇಟು, ಇನ್ನೊಂದಕ್ಕೆ ಏನನ್ನೂ ಹಾಕದೆ ಬಿಟ್ಟು, ಕೊಯ್ಲಿನಲ್ಲಿ ತೂಗಿ ನೋಡುವುದು. ಏನನ್ನೂ ಹಾಕದ ಆ ತುಂಡೇ ಉಳಿದವುಗಳಿಗೆ ಸಾಕ್ಷಿ. ಇಂಥ ಪ್ರಯೋಗಗಳಿಂದ ತಿಳಿದುಬಂದ ಮಾತುಗಳು ಹಲವು. ಅಮೋನಿಯಂ ಸಲ್ಫೇಟು ಬೇಗ ಫಲ ಕೊಡುತ್ತದೆ, ಮಣ್ಣಿನ ಕಟ್ಟನ್ನು ಮಾತ್ರ ಸುಧಾರಿಸುವುದಿಲ್ಲ. ಕೊಟ್ಟಿಗೆ ಗೊಬ್ಬರ ನಿಧಾನವಾಗಿ ಒದಗುತ್ತದೆ, ಆದರೆ ತೇವವನ್ನು ಹಿಡಿದಿಡುತ್ತದೆ. ಕಬ್ಬು ಬಲಿಯುವ ಕಾಲದಲ್ಲಿ ಸಾರಜನಕ ಅತಿಯಾದರೆ ಬರಿಯ ಸೋಗೆ ಬೆಳೆದು, ಕಬ್ಬು ಮಲಗಿ, ರಸದಲ್ಲಿ ಸಕ್ಕರೆ ಇಳಿಯುತ್ತದೆ. ನೀರು ನಿಂತ ಭತ್ತದ ಗದ್ದೆಯಲ್ಲಿ ನೈಟ್ರೇಟು ನಿಲ್ಲದು. ಅಲ್ಲಿ ಅಮೋನಿಯ ರೂಪದ ಗೊಬ್ಬರವೇ ಮೇಲು. ಒಂದೇ ನೆಲದಲ್ಲಿ ಎಡೆಬಿಡದೆ ಕಬ್ಬು ಹಾಕದೆ ಭತ್ತ ಮತ್ತು ಅರೆಬೆದ್ದಲು ಬೆಳೆಗಳನ್ನು ಸರದಿಯಾಗಿ ಬೆಳೆಯುವ ಏರ್ಪಾಡನ್ನು ಕಾಲುವೆಯ ಪ್ರದೇಶದಲ್ಲಿ ಅನುಸರಿಸಿದ್ದೂ ನೀರಿನ ಮಿತವ್ಯಯದ ಜೊತೆಗೆ ಮಣ್ಣಿಗೆ ವಿಶ್ರಾಂತಿ ದೊರೆಯುವಂತೆ ಮಾಡಿತು.

ಎಲ್ಲವೂ ಸುಗಮವಾಗಿ ನಡೆಯಿತೆಂದಲ್ಲ. ಕಾಲುವೆಯೊಡನೆ ಮಲೇರಿಯಾ ಬಂದು ಹಳ್ಳಿಗಳನ್ನು ಕಾಡಿತು. ತಗ್ಗಿನ ಗದ್ದೆಗಳಲ್ಲಿ ನೀರು ಬಸಿಯದೆ ನಿಂತು, ಕೆಳಗಿನ ಉಪ್ಪು ಮೇಲಕ್ಕೇರಿ, ಅಲ್ಲಲ್ಲಿ ನೆಲ ಚೌಳಾಯಿತು. ಬಸಿಗಾಲುವೆ ತೆಗೆದು, ಜಿಪ್ಸಮ್ ಹಾಕಿ, ಹಸುರೆಲೆ ಗೊಬ್ಬರವನ್ನು ಉತ್ತು ಅಂಥ ನೆಲವನ್ನು ಸರಿಪಡಿಸುವುದು ವರ್ಷಗಳ ದುಡಿಮೆ. ಸರದಿಯ ಏರ್ಪಾಡನ್ನೂ ಮುಂದಿನ ದಿನಗಳಲ್ಲಿ ಎಲ್ಲರೂ ಕಟ್ಟುನಿಟ್ಟಾಗಿ ಪಾಲಿಸಲಿಲ್ಲ. ಕಬ್ಬು ತರುವ ರೊಕ್ಕದ ಎದುರು ಹುರುಳಿ, ಅಪ್ಸೆಣಬುಗಳ ಹಿತವಚನ ಕೇಳಿಸುವುದು ಕಷ್ಟ.

ಕೋಲ್ಮನ್ನರು 1934ರಲ್ಲಿ ಮೈಸೂರಿನ ಸೇವೆಯಿಂದ ನಿವೃತ್ತರಾಗಿ ಕೆನಡಾಕ್ಕೆ ಮರಳಿದರು. ಅಧಿಕಾರದ ಹೊರೆ ಇಳಿದ ಮೇಲೂ ಸೂಕ್ಷ್ಮದರ್ಶಕವನ್ನು ಅವರು ಬಿಡಲಿಲ್ಲ. ಸಸ್ಯಕೋಶಗಳೊಳಗಿನ ವರ್ಣತಂತುಗಳ ರಚನೆಯನ್ನು ಕುರಿತು ಸಂಶೋಧನೆ ನಡೆಸಿ ಲೇಖನಗಳನ್ನು ಪ್ರಕಟಿಸಿದರು. ಅವರು ಹೋದ ಐದು ವರ್ಷಗಳಲ್ಲಿ, 1939ರಲ್ಲಿ, ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಸುಮಾರು ಅದೇ ಕಾಲಕ್ಕೆ ಅಣೆಕಟ್ಟೆಗೆ ಸಮೀಪದ ಬೆಳಗೊಳದಲ್ಲಿ ರಾಸಾಯನಿಕ ಗೊಬ್ಬರದ ಕಾರ್ಖಾನೆ ಎದ್ದು, ಜಲವಿದ್ಯುತ್ತಿನ ಬಲದಿಂದ ಗಾಳಿಯ ಸಾರಜನಕವನ್ನು ಅಮೋನಿಯವಾಗಿ ಮಾಡುವ ಸಾಹಸ ನಡೆಯಿತು. ಹೆಬ್ಬಾಳದ ಶಾಲೆ ಕಾಲೇಜಾಗಿ, ಮುಂದೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯಕ್ಕೆ ಬುನಾದಿಯಾಯಿತು. ಮಂಡ್ಯದ ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಯನ್ನು ನಾಡರಾಗಿಯೊಡನೆ ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ಹೊರತಂದರು.

1954ರ ಸೆಪ್ಟೆಂಬರ್ 14ರಂದು ಕೋಲ್ಮನ್ ತೀರಿಕೊಂಡರು. ಕನ್ನಂಬಾಡಿಯ ನೀರು ಕಾಲುವೆಗಳಲ್ಲಿ ತುಂಬಿ ಹರಿದು, ಮಂಡ್ಯದ ಕಬ್ಬು ಗಣ್ಣು ಬಿಟ್ಟು ಬೆಳೆಯುವ ತಿಂಗಳು ಅದು.