ರಕ್ತ ಸುತ್ತುವ ದಾರಿ ಮತ್ತು ಇಬ್ನ್ ಅಲ್-ನಫೀಸ್

‘ರಕ್ತ ಪರಿಚಲನೆ’ ಎಂಬ ಪದವನ್ನು ನಾವೆಲ್ಲ ಹೈಸ್ಕೂಲಿನಲ್ಲೇ ಓದಿದ್ದೇವೆ. ‘ಪರಿ’ ಎಂದರೆ ಸುತ್ತ. ಮನೆಯಲ್ಲಿ ಉರ್ದು ಮಾತಾಡುವ ನಾನು ಇದನ್ನೇ ‘ದೌರಾನ್-ಎ-ಖೂನ್’ ಎಂದು ಕೇಳಿದ್ದೇನೆ. ಅಲ್ಲಿಯೂ ‘ದೌರ್’ ಎಂದರೆ ಸುತ್ತು. ಸಿರುಗುಪ್ಪದ ಕಡೆ ಕಾಲುವೆ ನೀರು ಭತ್ತದ ಗದ್ದೆಗೆ ಹರಿದು ಅಲ್ಲೇ ಇಂಗುತ್ತದೆ. ಅದು ಹರಿವು ಮಾತ್ರ. ಕುರುಗೋಡಿನಿಂದ ಬಳ್ಳಾರಿಗೆ ಬಂದ ಬಸ್ಸು ತಿರುಗಿ ಕುರುಗೋಡಿಗೆ ಹೋಗಿ ಮತ್ತೆ ಬರುತ್ತದೆ, ಅದು ಪರಿಚಲನೆ.

ಗ್ರೀಕ್ ವೈದ್ಯ ಗ್ಯಾಲೆನ್ ರಕ್ತವನ್ನು ಕಾಲುವೆ ನೀರಿನಂತೆಯೇ ಭಾವಿಸಿದ್ದ. ಅದು ಯಕೃತ್ತಿನಲ್ಲಿ ಹುಟ್ಟಿ ಅಂಗಾಂಗಗಳಲ್ಲಿ ಮುಗಿದುಹೋಗುತ್ತದೆ, ಹೃದಯದ ನಡುಗೋಡೆಯ ಸೂಕ್ಷ್ಮ ರಂಧ್ರಗಳ ಮೂಲಕ ಬಲದಿಂದ ಎಡಕ್ಕೆ ಜಿನುಗುತ್ತದೆ ಎಂದಿದ್ದ. ಸಾವಿರ ವರ್ಷ ಇದೇ ಪಾಠವಾಗಿತ್ತು.

ಇದನ್ನು ಪ್ರಶ್ನಿಸಿದವರು ಇಬ್ನ್ ಅಲ್-ನಫೀಸ್. ಸುಮಾರು 1213ರಲ್ಲಿ ಡಮಾಸ್ಕಸ್ ಬಳಿ ಹುಟ್ಟಿದ ಅವರು ಅಲ್ಲಿನ ನೂರಿ ಆಸ್ಪತ್ರೆಯಲ್ಲಿ ವೈದ್ಯಶಾಸ್ತ್ರ ಕಲಿತು, ಮುಂದೆ ಕೈರೋದಲ್ಲಿ ನೆಲೆಸಿದರು. ವೈದ್ಯಕೀಯದ ಜೊತೆಗೆ ಶಾಫಿಈ ಫಿಕ್ಹ್ ಕೂಡ ಬೋಧಿಸುತ್ತಿದ್ದರು. 1242ರಲ್ಲಿ ಇಬ್ನ್ ಸೀನಾರ ಗ್ರಂಥದ ಅಂಗರಚನಾ ಭಾಗಕ್ಕೆ ವ್ಯಾಖ್ಯಾನ ಬರೆದಾಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. ಹೃದಯದ ನಡುಗೋಡೆ ದಪ್ಪವಾಗಿದೆ, ಅದರಲ್ಲಿ ರಂಧ್ರವಿಲ್ಲ. ಬಲಭಾಗದ ರಕ್ತ ಶ್ವಾಸಕೋಶಕ್ಕೆ ಹೋಗಿ, ಗಾಳಿಯೊಡನೆ ಬೆರೆತು, ಎಡಭಾಗಕ್ಕೆ ಬರುತ್ತದೆ ಎಂದು ಅದರಲ್ಲಿ ವಿವರಿಸಿದರು. ತಾವು ಗೌರವಿಸುತ್ತಿದ್ದ ಇಬ್ನ್ ಸೀನಾರ ಮಾತನ್ನೂ ಇಲ್ಲಿ ಒಪ್ಪಲಿಲ್ಲ.

1288ರಲ್ಲಿ ಅವರು ತೀರಿಕೊಂಡರು. ತಮ್ಮ ಮನೆಯನ್ನೂ ಪುಸ್ತಕಗಳನ್ನೂ ಕೈರೋದ ಮನ್ಸೂರಿ ಆಸ್ಪತ್ರೆಗೆ ಬಿಟ್ಟುಹೋದರು. ಅವರ ಶೋಧ ಮಾತ್ರ ಮರೆತುಹೋಯಿತು. 1924ರಲ್ಲಿ ಈಜಿಪ್ಟಿನ ವೈದ್ಯ ಮುಹ್ಯುದ್ದೀನ್ ಅತ್-ತತಾವಿ ಬರ್ಲಿನ್ನಿನ ಗ್ರಂಥಾಲಯದಲ್ಲಿದ್ದ ಹಸ್ತಪ್ರತಿಯಿಂದ ಅದನ್ನು ಮತ್ತೆ ಬೆಳಕಿಗೆ ತಂದರು.

ರಕ್ತ ಪರಿಚಲನೆಯನ್ನು ಕಂಡುಹಿಡಿದವರು ಹಾರ್ವೆಯಲ್ಲ, ನಮ್ಮವರೇ ಎಂದು ಕೆಲವರು ಹೆಮ್ಮೆಯಿಂದ ಹೇಳುತ್ತಾರೆ. ಪದದ ಅರ್ಥ ನೋಡಿದರೆ ಅದು ಪೂರ್ತಿ ಸರಿಯಲ್ಲ. ಇಬ್ನ್ ಅಲ್-ನಫೀಸ್ ತೋರಿಸಿದ್ದು ಹೃದಯದಿಂದ ಶ್ವಾಸಕೋಶಕ್ಕೆ ಹೋಗಿಬರುವ ದಾರಿ. ಇಡೀ ದೇಹದ ಸುತ್ತನ್ನು 1628ರಲ್ಲಿ ಸಾಧಿಸಿ ತೋರಿಸಿದವರು ವಿಲಿಯಂ ಹಾರ್ವೆ. ಇದರಿಂದ ಇಬ್ನ್ ಅಲ್-ನಫೀಸರ ಹಿರಿಮೆ ಕಿಂಚಿತ್ತೂ ಕಡಿಮೆಯಾಗದು. ದೊಡ್ಡವರು ಬರೆದಿದ್ದಾರೆಂಬ ಒಂದೇ ಕಾರಣಕ್ಕೆ ಒಪ್ಪಬಾರದೆಂದು ಬದುಕಿ ತೋರಿಸಿದ ಅವರ ಬಗ್ಗೆ ನಾವೂ ಇದ್ದದ್ದನ್ನು ಇದ್ದಷ್ಟೇ ಹೇಳಬೇಕು. ಅವರಿಗೆ ನಾವು ಸಲ್ಲಿಸಬಹುದಾದ ಗೌರವ ಅದೇ.