ಲೈಡನ್‌ಫ್ರಾಸ್ಟನ ಸೌಟು, ಅಮ್ಮನ ಕಾವಲಿ

ಹೊಳೆನರಸೀಪುರದ ನಮ್ಮ ಹಳೆಯ ಮನೆಯಲ್ಲಿ ದೋಸೆ ಹುಯ್ಯುವ ಮುನ್ನ ಅಮ್ಮ ತಪ್ಪದೆ ಒಂದು ಪರೀಕ್ಷೆ ನಡೆಸುತ್ತಿದ್ದಳು. ಬೆರಳನ್ನು ನೀರಿಗದ್ದಿ ಕಾದ ಕಾವಲಿಯ ಮೇಲೆ ಚಿಮುಕಿಸುವುದು. ಹನಿ ಹರಡಿಕೊಂಡು ನಿಧಾನವಾಗಿ ಕುದಿದರೆ ಕಾವು ಸಾಲದು. ಚುರ್ರೆಂದು ಸದ್ದು ಮಾಡಿ ಕ್ಷಣದಲ್ಲಿ ಆರಿಹೋದರೆ ಅದೇ ಹದ. ಸದ್ದೇ ಇಲ್ಲದೆ ಮುತ್ತಿನಂತೆ ದುಂಡಗಾಗಿ ಕಾವಲಿಯ ತುಂಬ ಓಡಾಡತೊಡಗಿದರೆ ಕಾವು ಮಿತಿಮೀರಿದೆ, ಒಲೆಯಿಂದ ಎರಡು ಸೌದೆ ಹೊರಗೆಳೆಯಬೇಕು. ಅರಕಲಗೂಡಿನ ತವರಿನಿಂದ ಬಂದಿದ್ದ ಬೀಡುಕಬ್ಬಿಣದ ಕಾವಲಿ ಅದು. ಹುಡುಗುಬುದ್ಧಿಯಿಂದ ಒಮ್ಮೆ ಅದನ್ನು ಉಪ್ಪುಕಾಗದದಲ್ಲಿ ಉಜ್ಜಿ ಬೆಳ್ಳಿಯಂತೆ ಹೊಳೆಯಿಸಿಟ್ಟೆ. ಮರುದಿನ ಒಂದು ದೋಸೆಯೂ ಮೇಲೇಳಲಿಲ್ಲ. ಅಮ್ಮ ವಾರಗಟ್ಟಲೆ ಎಣ್ಣೆ ಹಚ್ಚಿ, ಈರುಳ್ಳಿಯಿಂದ ತಿಕ್ಕಿ ಅದನ್ನು ಮತ್ತೆ ಪಳಗಿಸಬೇಕಾಯಿತು.

ಮುಂದೆ ಹಾಸನದಲ್ಲಿ ಇಂಜಿನಿಯರಿಂಗ್ ಓದುವಾಗ, ಶಾಖ ವರ್ಗಾವಣೆಯ ತರಗತಿಯಲ್ಲಿ ಮೇಷ್ಟರು ಕಪ್ಪುಹಲಗೆಯ ಮೇಲೆ ಉದ್ದನೆಯ ಜರ್ಮನ್ ಹೆಸರೊಂದನ್ನು ಬರೆದರು. ಕಾವಲಿಯ ಮೇಲೆ ಕುಣಿಯುವ ಹನಿಗೆ ಇನ್ನೂರು ವರ್ಷಗಳ ಹಿಂದೆಯೇ ಒಬ್ಬ ವೈದ್ಯ ತನ್ನ ಹೆಸರನ್ನು ಅಂಟಿಸಿ ಹೋಗಿದ್ದಾನೆಂದು ಅಂದು ತಿಳಿಯಿತು.

ಯೋಹಾನ್ ಗಾಟ್ಲಾಬ್ ಲೈಡನ್‌ಫ್ರಾಸ್ಟ್ ಹುಟ್ಟಿದ್ದು 1715ರ ನವೆಂಬರ್ 27ರಂದು, ಮಧ್ಯ ಜರ್ಮನಿಯ ರೋಸ್ಪರ್ವೆಂಡ ಎಂಬ ಹಳ್ಳಿಯಲ್ಲಿ. ತಂದೆ ಕ್ರೈಸ್ತ ಧರ್ಮಬೋಧಕ. ಮಗನೂ ಅದೇ ದಾರಿ ಹಿಡಿಯಲೆಂದು ಮೊದಲು ಧರ್ಮಶಾಸ್ತ್ರದ ಓದಿಗೆ ಸೇರಿದ. ಆದರೆ ಮನಸ್ಸು ವೈದ್ಯಕೀಯಕ್ಕೆ ಒಲಿಯಿತು. ಲೈಪ್ಜಿಗ್‌ನಲ್ಲೂ ಹಾಲೆಯಲ್ಲೂ ಓದಿ, 1741ರಲ್ಲಿ ಮಾನವದೇಹದ ಚಲನೆಗಳ ಪರಸ್ಪರ ಹೊಂದಾಣಿಕೆಯ ಬಗ್ಗೆ ಪ್ರಬಂಧ ಬರೆದು ಡಾಕ್ಟರ್ ಆದ. 1743ರಲ್ಲಿ ರೈನ್ ನದಿಯ ದಡದ ಡ್ಯೂಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ವೈದ್ಯಕೀಯ ಪ್ರಾಧ್ಯಾಪಕನಾಗಿ ಬಂದವನು ಉಳಿದ ಐವತ್ತು ವರ್ಷಗಳನ್ನು ಅಲ್ಲಿಯೇ ಕಳೆದ. ಪಾಠ ಹೇಳಿದ, ವಿಶ್ವವಿದ್ಯಾಲಯದ ಆಡಳಿತ ನೋಡಿಕೊಂಡ, ಊರಿನ ರೋಗಿಗಳಿಗೆ ಮದ್ದು ಕೊಟ್ಟ. ಇಷ್ಟೇ ಆಗಿದ್ದರೆ ಇಂದು ಅವನನ್ನು ನೆನೆಯುವವರು ಯಾರೂ ಇರುತ್ತಿರಲಿಲ್ಲ.

1756ರಲ್ಲಿ ಆತ ಸಾಮಾನ್ಯ ನೀರಿನ ಕೆಲವು ಗುಣಗಳ ಕುರಿತು ಲ್ಯಾಟಿನ್ ಭಾಷೆಯಲ್ಲಿ ಒಂದು ಗ್ರಂಥ ಪ್ರಕಟಿಸಿದ. ಅದರಲ್ಲಿನ ಪ್ರಯೋಗಕ್ಕೆ ಬೇಕಾದದ್ದು ಅಡುಗೆಮನೆಯ ಸಾಮಗ್ರಿಯೇ. ಒಂದು ಕಬ್ಬಿಣದ ಸೌಟು, ನಿಗಿನಿಗಿ ಕೆಂಡ, ನೀರು. ಸೌಟು ಕೆಂಪಗೆ ಕಾದ ಮೇಲೆ ಒಂದು ಹನಿ ಬಿಟ್ಟು, ಅದು ಎಷ್ಟು ಹೊತ್ತು ಉಳಿಯುತ್ತದೆಂದು ಲೋಲಕದ ತೂಗಾಟದಿಂದ ಅಳೆದ. ಮೊದಲ ಹನಿ ಸುಮಾರು 30 ಸೆಕೆಂಡ್ ಬದುಕಿತು. ಅಷ್ಟರಲ್ಲಿ ಸೌಟು ತುಸು ತಣಿದಿತ್ತು. ಎರಡನೆಯದು ಹತ್ತು ಸೆಕೆಂಡಿಗೇ ಮುಗಿಯಿತು. ಆಮೇಲಿನವು ಕೆಲವೇ ಸೆಕೆಂಡುಗಳಲ್ಲಿ ಮಾಯವಾದವು. ಅಂದರೆ, ಬೆಂಕಿ ಹೆಚ್ಚಾದಷ್ಟೂ ನೀರಿಗೆ ಆಯುಷ್ಯ ಹೆಚ್ಚು! ಡಚ್ ವೈದ್ಯ ಬೋಯರ್‌ಹಾವೆ ಇಂಥದ್ದನ್ನು ಮೊದಲೇ ಗಮನಿಸಿದ್ದ. ಆದರೆ ಇಷ್ಟು ತಾಳ್ಮೆಯಿಂದ ಅಳೆದು ಬರೆದವನು ಲೈಡನ್‌ಫ್ರಾಸ್ಟ್.

ಆದರೆ ಕಣ್ಣು ಸರಿಯಾಗಿ ಕಂಡದ್ದನ್ನು ಬುದ್ಧಿ ತಪ್ಪಾಗಿ ಅರ್ಥೈಸಿತು. ಹನಿ ಆರಿದ ಮೇಲೆ ಸೌಟಿನಲ್ಲಿ ಉಳಿದ ಚಿಟಿಕೆ ಪುಡಿಯನ್ನು ಕಂಡು, ಬೆಂಕಿಯ ಸಂಗದಿಂದ ನೀರೇ ಮಣ್ಣಾಗಿ ಮಾರ್ಪಡುತ್ತದೆಂದು ಆತ ನಂಬಿದ. ಆ ಕಾಲದ ಹಲವು ವಿದ್ವಾಂಸರ ನಂಬಿಕೆಯೂ ಅದೇ ಆಗಿತ್ತು. ಪ್ಯಾರಿಸಿನ ಲವಾಸಿಯೆ ಗಾಜಿನ ಪಾತ್ರೆಯಲ್ಲಿ 101 ದಿನ ನೀರನ್ನು ಕಾಯಿಸಿ, ತೂಗಿ ನೋಡಿ, ಹಾಗೆ ಕಂಡ ಮಣ್ಣು ನೀರಿನದಲ್ಲ, ಗಾಜಿನಿಂದ ಕರಗಿ ಬಂದದ್ದು ಎಂದು ತೋರಿಸಿದ್ದು 1770ರಲ್ಲಿ. ಲೈಡನ್‌ಫ್ರಾಸ್ಟ್ ಇನ್ನೂ ಬದುಕಿದ್ದಾಗಲೇ ಅವನ ಸಿದ್ಧಾಂತ ಕುಸಿದುಬಿತ್ತು. ಉಳಿದದ್ದು ಸೌಟು ಮತ್ತು ಹನಿ.

ಹನಿಯ ಗುಟ್ಟು ಇಷ್ಟು. ಲೋಹ ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಹನಿಯ ತಳಭಾಗ ತಾಗಿದೊಡನೆ ಆವಿಯಾಗಿ ತೆಳುವಾದ ಹಾಸಿಗೆಯಾಗುತ್ತದೆ. ಆವಿ ಶಾಖವನ್ನು ಸುಲಭವಾಗಿ ಸಾಗಿಸದು. ಹಾಗಾಗಿ ಹನಿ ಬೆಂಕಿಯ ಮೇಲಿದ್ದೂ ಬೆಂಕಿಯಿಂದ ದೂರವಿರುತ್ತದೆ. ಆದರೆ ಈ 200 ಎಂಬುದು ಸ್ಥಿರವಾದ ಗೆರೆಯಲ್ಲ. ಲೋಹದ ಮೈ ನಯವೋ ಒರಟೋ, ನೀರನ್ನು ಒಲ್ಲದ್ದೋ ಬಯಸುವಂಥದ್ದೋ ಎಂಬುದರ ಮೇಲೆ ಏರಿಳಿಯುತ್ತದೆ. ಸೌಟು ಉಜ್ಜಿ ಹೊಳೆಯಿಸಿದ್ದಾಗಿರಬೇಕು, ತುಕ್ಕು ಇರಕೂಡದು ಎಂದು ಲೈಡನ್‌ಫ್ರಾಸ್ಟ್ ಒತ್ತಿ ಹೇಳಿದ್ದ. ತನ್ನ ಮಣ್ಣಿಗೆ ಬೇರೆ ಕೊಳೆ ಬೆರೆಯದಿರಲೆಂದು ಹಾಗೆ ಬರೆದಿರಬೇಕೆಂಬುದು ನನ್ನ ಊಹೆ. ಕಾರಣ ಯಾವುದೇ ಇರಲಿ, ವಿಷಯದ ತಿರುಳಿನ ಮೇಲೆ ಅರಿಯದೆಯೇ ಬೆರಳಿಟ್ಟಿದ್ದ.

ಆ ತಿರುಳನ್ನು ನಾನು ಬಾಲ್ಯದಲ್ಲಿ ಚನ್ನರಾಯಪಟ್ಟಣದ ದೊಡ್ಡಮ್ಮನ ಬಚ್ಚಲುಮನೆಯಲ್ಲಿ ಕಂಡಿದ್ದೆ. ತಾಮ್ರದ ಹಂಡೆಯಲ್ಲಿ ನೀರು ಕುದಿಯತೊಡಗಿದಾಗ ಗುಳ್ಳೆಗಳು ತಳದ ಎಲ್ಲೆಡೆಯಿಂದ ಏಳುತ್ತಿರಲಿಲ್ಲ. ಕೆಲವೇ ಜಾಗಗಳಿಂದ ಸರಪಳಿಯಂತೆ ಒಂದರ ಹಿಂದೊಂದು ಬರುತ್ತಿದ್ದವು. ಅಲ್ಲೆಲ್ಲ ಗೀರು, ಕಣ್ಣಿಗೆ ಕಾಣದ ಕುಳಿಗಳು. ಅವುಗಳಲ್ಲಿ ಸಿಕ್ಕಿಕೊಂಡ ಗಾಳಿಯೇ ಗುಳ್ಳೆಗೆ ಬೀಜ. ಕುಳಿ ಹೆಚ್ಚಿದ್ದಷ್ಟೂ ಗುಳ್ಳೆ ಹೆಚ್ಚು, ಗುಳ್ಳೆ ಹೆಚ್ಚಿದಷ್ಟೂ ಲೋಹದಿಂದ ದ್ರವಕ್ಕೆ ಶಾಖ ಬೇಗ ಸಾಗುತ್ತದೆ. 1931ರಲ್ಲಿ ಜರ್ಮನಿಯ ಯಾಕೋಬ್ ಮತ್ತು ಫ್ರಿಟ್ಸ್ ಒರಟು ಮೈಯ ಈ ಪ್ರಭಾವವನ್ನು ಅಳೆದರು. 1962ರಲ್ಲಿ ಬೆರೆನ್ಸನ್ ತಾಮ್ರದ ಮೇಲೆ ಪೆಂಟೇನ್ ಕುದಿಸಿ, ಮೇಲ್ಮೈಯ ಹದವೊಂದರಿಂದಲೇ ಈ ಸಾಗಾಟ ಐದಾರು ಪಟ್ಟು ಬದಲಾಗಬಲ್ಲದೆಂದು ತೋರಿಸಿದ.

ಇದು ಬರಿಯ ಕುತೂಹಲದ ಮಾತಲ್ಲ. ಕೈಗಾದಂತಹ ಪರಮಾಣು ಸ್ಥಾವರದಲ್ಲಿ ಇಂಧನದ ಕೊಳವೆಗಳನ್ನು ಆವಿಯ ಹಾಸಿಗೆ ಮುಚ್ಚಿಕೊಂಡರೆ ಶಾಖ ಹೊರಹೋಗದೆ ಲೋಹವೇ ಕೆಡುತ್ತದೆ. ಆ ಸ್ಥಿತಿಗೆ ಎಡೆಯಾಗದಂತೆ ನೋಡುವುದು ವಿನ್ಯಾಸಕಾರರ ದೊಡ್ಡ ಹೊಣೆ. ಲೈಡನ್‌ಫ್ರಾಸ್ಟನ ಡ್ಯೂಸ್‌ಬರ್ಗ್ ಮುಂದೆ ಉಕ್ಕಿನ ನಗರವಾಯಿತು. ಕೆಂಪಗೆ ಕಾದ ಉಕ್ಕಿನ ಮೇಲೆ ನೀರು ಸುರಿಯುವ ಅಂತಹ ಕಾರ್ಖಾನೆಗಳಲ್ಲಿ ಇಂದಿಗೂ ಎದುರಾಗುವುದು ಆ ಹನಿಯ ಸಮಸ್ಯೆಯೇ.

ಕಳೆದ ಎರಡು ದಶಕಗಳಲ್ಲಿ ವಿಜ್ಞಾನಿಗಳು ಮೇಲ್ಮೈಯನ್ನೇ ಕೆತ್ತಿ ಹನಿಯನ್ನು ಪಳಗಿಸತೊಡಗಿದ್ದಾರೆ. 2006ರಲ್ಲಿ, ಗರಗಸದ ಹಲ್ಲಿನಂತೆ ಕೆತ್ತಿದ ಹಿತ್ತಾಳೆಯ ಮೇಲೆ ಹನಿಗಳು ತಾವಾಗಿ ಒಂದೇ ದಿಕ್ಕಿಗೆ ಓಡುವುದನ್ನು ತೋರಿಸಿದರು. 2012ರಲ್ಲಿ, ನೀರನ್ನು ಒಲ್ಲದ ಒರಟು ಲೇಪನವಿದ್ದರೆ ಕಾದ ಉಕ್ಕಿನ ಗುಂಡು ನೀರಿನಲ್ಲಿ ಸಿಡಿತವಿಲ್ಲದೆ ತಣಿಯುವುದು ಕಂಡುಬಂತು. 2022ರಲ್ಲಿ ಇದಕ್ಕೆ ವಿರುದ್ಧವಾದ ಸಾಧನೆ: ಪುಟ್ಟ ಉಕ್ಕಿನ ಕಂಬಗಳ ನಡುವೆ ಶಾಖನಿರೋಧಕ ಹಾಳೆ ಹೊಂದಿಸಿ, ಸಾವಿರ ಡಿಗ್ರಿ ದಾಟಿದರೂ ಆವಿಯ ಹಾಸಿಗೆ ಮೂಡದಂತೆ ತಡೆದರು.

ಲೈಡನ್‌ಫ್ರಾಸ್ಟ್ 1794ರ ಡಿಸೆಂಬರ್ 2ರಂದು ಡ್ಯೂಸ್‌ಬರ್ಗ್‌ನಲ್ಲೇ ತೀರಿಕೊಂಡ. ಅವನು ದುಡಿದ ವಿಶ್ವವಿದ್ಯಾಲಯ 1818ರಲ್ಲಿ ಮುಚ್ಚಿಹೋಯಿತು. ಅವನ ಲ್ಯಾಟಿನ್ ಗ್ರಂಥದ ಈ ಭಾಗ ಇಂಗ್ಲಿಷಿನಲ್ಲಿ ಸಂಶೋಧನಾ ಪತ್ರಿಕೆಯೊಂದರಲ್ಲಿ ಬೆಳಕು ಕಂಡದ್ದು 1966ರಲ್ಲಿ, ಬರೆದ 210 ವರ್ಷಗಳ ನಂತರ. ಅವನ ಪ್ರಯೋಗವನ್ನು ಅಮ್ಮ ದಿನವೂ ಮಾಡುತ್ತಿದ್ದಳಲ್ಲ, ಅವಳು ಅದನ್ನು ಎಲ್ಲಿಯೂ ಬರೆದಿಡಲಿಲ್ಲ. ನಾನಾದರೂ ಅವಳನ್ನು ಕೇಳಿ ಬರೆದುಕೊಳ್ಳಲಿಲ್ಲ.

ಆ ಕಾವಲಿ ಈಗ ಹಾಸನದ ನಮ್ಮ ಮನೆಯಲ್ಲಿದೆ. ನಾನು ಎಳೆದ ಗೀರುಗಳು ಎಣ್ಣೆಯ ಕಪ್ಪು ಪದರದಡಿ ಮುಚ್ಚಿಹೋಗಿವೆ. ಗ್ಯಾಸಿನ ಉರಿ ಜೋರಾದಾಗ ಹನಿ ಈಗಲೂ ಅದರ ಮೇಲೆ ಸದ್ದಿಲ್ಲದೆ ಓಡಾಡುತ್ತದೆ.