ಕಾಯುವುದೇ ಕೀರ್ತಿಯಾದ ಗೋಷ್ಠ ಪಾಲರು

ಸಂಸ್ಕೃತದಲ್ಲಿ ಗೋಷ್ಠವೆಂದರೆ ಗೋವುಗಳ ನೆಲೆ; ಪಾಲನೆಂದರೆ ಕಾಯುವವನು. ಭಾರತದ ಕಾಲ್ಚೆಂಡಾಟದ ಇತಿಹಾಸದಲ್ಲಿ ಹೆಸರನ್ನು ಅನ್ವರ್ಥಗೊಳಿಸಿದವರು ಕೀರ್ತಿಶೇಷ ಗೋಷ್ಠ ಪಾಲರು. ಎರಡು ದಶಕಗಳಿಗೂ ಮಿಗಿಲಾಗಿ ಅವರು ಮೈದಾನದಲ್ಲಿ ಮಾಡಿದ್ದು ಕಾಯುವ ಕಾರ್ಯವೊಂದನ್ನೇ.

ಅಂದಿನ ಪೂರ್ವ ಬಂಗಾಳದ, ಇಂದಿನ ಬಾಂಗ್ಲಾದೇಶದ ಭೋಜೇಶ್ವರ ಗ್ರಾಮದಲ್ಲಿ 1896ರಲ್ಲಿ ಜನಿಸಿದ ಇವರು ಕಲ್ಕತ್ತೆಯಲ್ಲಿ ಬೆಳೆದರು. 1911ರಲ್ಲಿ ಆ ನಗರದ ಮೋಹನ್ ಬಾಗಾನ್ ತಂಡವು ಆಂಗ್ಲ ಸೈನಿಕರ ಈಸ್ಟ್ ಯಾರ್ಕ್‌ಷೈರ್ ದಳವನ್ನು ಮಣಿಸಿ ಐ.ಎಫ್.ಎ. ಷೀಲ್ಡನ್ನು ಗೆದ್ದಿತು. ಆಳುವವರನ್ನು ಅವರದೇ ಆಟದಲ್ಲಿ ಸೋಲಿಸಬಹುದೆಂಬ ಧೈರ್ಯ ನಾಡಿನಲ್ಲೆಲ್ಲ ಹಬ್ಬಿತು. ಅದರ ಮರುವರ್ಷವೇ ಹದಿಹರೆಯದ ಗೋಷ್ಠ ಪಾಲರು ಆ ತಂಡವನ್ನು ಸೇರಿದರು.

ಅಂದಿನ ಆಟದ ವ್ಯೂಹದಲ್ಲಿ ಐವರು ಮುನ್ನುಗ್ಗುವವರು, ಮೂವರು ನಡುವಿನವರು; ಗೋಲುಕಾವಲಿನವನ ಮುಂದೆ ನಿಲ್ಲುವ ಬ್ಯಾಕ್ ಆಟಗಾರರು ಇಬ್ಬರೇ. ಆ ಇಬ್ಬರನ್ನು ದಾಟಿದರೆ ಎದುರಾಳಿಗೆ ಗೋಲು ಕೈಗೆಟುಕಿದಂತೆಯೇ. 1925ರಲ್ಲಿ ಆಫ್‌ಸೈಡ್ ನಿಯಮವು ಸಡಿಲಗೊಂಡಾಗ ಅವರ ಹೊರೆ ಇನ್ನಷ್ಟು ಹೆಚ್ಚಿತು. ಎದುರಿಗೆ ದಪ್ಪ ಚರ್ಮದ ಬೂಟು ತೊಟ್ಟ ಸೈನಿಕರು. ಇತ್ತ ಗೋಷ್ಠ ಪಾಲರದು ಬರಿಗಾಲು. ಮಳೆಗಾಲದ ಕೆಸರಿನಲ್ಲಿ ಬೂಟು ನೆಲವನ್ನು ಕಚ್ಚಿ ಹಿಡಿಯುತ್ತಿತ್ತು, ಬರಿಗಾಲು ಜಾರುತ್ತಿತ್ತು. ಅಂಥಲ್ಲಿಯೂ ಅವರು ಅಲುಗದೆ ನಿಂತುದರಿಂದ ಚೀನಾದ ಮಹಾಗೋಡೆಯೆಂಬ ಬಿರುದು ಅವರಿಗೆ ಸಂದಿತು.

1921ರಿಂದ ಹಲವು ವರ್ಷ ಅವರು ತಂಡದ ನಾಯಕತ್ವವನ್ನು ವಹಿಸಿದರು. 1923ರಲ್ಲಿ ತಂಡವು ಷೀಲ್ಡ್ ಪಂದ್ಯಾವಳಿಯ ಅಂತಿಮ ಘಟ್ಟವನ್ನು ಮುಟ್ಟಿ ಸೋತಿತು. ಅದೇ ವರ್ಷ ಮುಂಬಯಿಯ ರೋವರ್ಸ್ ಕಪ್ಪಿನಲ್ಲಿಯೂ ಕೊನೆಯ ಪಂದ್ಯದಲ್ಲಿ ಪರಾಭವಗೊಂಡಿತು. 1933ರಲ್ಲಿ ಗೋಷ್ಠ ಪಾಲರು ಸಿಂಹಳಕ್ಕೆ ತೆರಳಿದ ಭಾರತೀಯ ತಂಡದ ನಾಯಕರಾದರು. 1935ರಲ್ಲಿ ಆಟದಿಂದ ನಿವೃತ್ತರಾದರು.

ಇಲ್ಲಿ ಸಹೃದಯರು ಗಮನಿಸಬೇಕಾದ ಸಂಗತಿಯೊಂದುಂಟು. ಮೋಹನ್ ಬಾಗಾನ್ ಷೀಲ್ಡನ್ನು ಗೆದ್ದುದು ಇವರು ಸೇರುವ ಮೊದಲು. ಕಲ್ಕತ್ತಾ ಲೀಗನ್ನು ಪ್ರಥಮ ಬಾರಿಗೆ ಗೆದ್ದುದು 1939ರಲ್ಲಿ, ಇವರು ನಿವೃತ್ತರಾದ ಮೇಲೆ. ನಡುವಿನ ದೀರ್ಘಾವಧಿಯಲ್ಲಿ ಈ ಎರಡು ಹಿರಿಯ ಪ್ರಶಸ್ತಿಗಳಲ್ಲಿ ಒಂದೂ ತಂಡಕ್ಕೆ ಲಭಿಸಲಿಲ್ಲ. ಆಟವನ್ನು ವೇತನದ ವೃತ್ತಿಯಾಗಿ ಕೈಗೊಳ್ಳುವ ಕಾಲವೂ ಅದಲ್ಲ. ಗೋಲು ಹೊಡೆದವನ ಲೆಕ್ಕ ದಾಖಲೆಯಲ್ಲಿ ಉಳಿಯುತ್ತದೆ. ಆಗದಂತೆ ತಡೆದ ಗೋಲುಗಳ ಲೆಕ್ಕವನ್ನು ಬರೆದಿಟ್ಟವರಾರು? ಆದರೂ ಜನ ಮರೆಯಲಿಲ್ಲ. 1962ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದ ಮೊದಲ ಕಾಲ್ಚೆಂಡಾಟಗಾರರು ಇವರೇ. 1976ರಲ್ಲಿ ಅವರು ಕಾಲವಶರಾದರು. ಕಲ್ಕತ್ತೆಯ ರಸ್ತೆಯೊಂದಕ್ಕೆ ಅವರ ಹೆಸರಿದೆ, ಮೈದಾನದ ಬಳಿ ಅವರ ಪ್ರತಿಮೆಯಿದೆ. 1998ರಲ್ಲಿ ಅಂಚೆ ಇಲಾಖೆಯು ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು.

ಶಾಲೆಗಳಲ್ಲಿ ವರ್ಷಾಂತ್ಯಕ್ಕೆ ನಾವು ಬಹುಮಾನ ಪಡೆದವರ ಹೆಸರುಗಳನ್ನು ಓದಿ ಹೇಳುತ್ತೇವೆ. ಅದು ಯುಕ್ತವೇ ಸರಿ. ಆದರೆ ತಂಡ ಸೋತ ದಿನವೂ ತನ್ನ ಎಡೆಯನ್ನು ಬಿಡದೆ ನಿಂತ ಬಾಲಕನ ಹೆಸರು ಆ ಪಟ್ಟಿಯಲ್ಲಿರುವುದಿಲ್ಲ. ಅಂಥವನ ಬೆನ್ನು ತಟ್ಟುವ ಉಪಾಧ್ಯಾಯರಿಗೆ ಗೋಷ್ಠ ಪಾಲರ ಜೀವನವು ಸದಾ ಸ್ಮರಣೀಯ.